ಹೊಸದು ಮೇಲೆ, ಹಳೆಯದು ಕೆಳಗೆ

ಎದುರಿಗಿದ್ದವರು ಮಾತಾಡುತ್ತಿದ್ದರೆ ಸರ್ ಅವರ ಹತ್ತು ಬೆರಳುಗಳೂ ತೊಡೆಯ ಮೇಲೆ ಆ ಮಾತನ್ನೇ ಟೈಪ್ ಮಾಡುತ್ತಿದ್ದವು. ಅದು ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ. ಮಾತು ಮುಗಿದಾಗ ಬಲಗೈಯ ಉಂಗುರದ ಬೆರಳು ಒಮ್ಮೆ ಬಡಿದು ಪೂರ್ಣವಿರಾಮ ಹಾಕುತ್ತಿತ್ತು. ಇದನ್ನು ಕಂಡುಹಿಡಿದ ಮೇಲೆ ನಾವು ಹುಡುಗಿಯರು ಬೇಕೆಂದೇ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದೆವು. ಆ ಬೆರಳು ಗಾಳಿಯಲ್ಲಿ ಎದ್ದು ಹಾಗೇ ಕಾಯುತ್ತಿತ್ತು. ನಾವು ನಗು ತಡೆಯಲಾರದೆ ಮೆಟ್ಟಿಲಿಳಿದು ಓಡುತ್ತಿದ್ದೆವು.

ಮಂಗಳೂರಿನ ಬಿಜೈಯಲ್ಲಿ ಸರ್ಕಾರಿ ಬಸ್ ನಿಲ್ದಾಣದ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಾನು ಪಿಯುಸಿ ಮುಗಿಸಿ ಸೇರುವಾಗ ಹನ್ನೆರಡು ಟೈಪ್‌ರೈಟರ್, ನಾಲ್ಕು ಕಂಪ್ಯೂಟರ್ ಇದ್ದವು. ಕೆಲವು ವರ್ಷಗಳ ನಂತರ ಅದು ತಿರುಗಿ, ಕಂಪ್ಯೂಟರುಗಳು ಹನ್ನೆರಡಾಗಿ ಟೈಪ್‌ರೈಟರುಗಳು ನಾಲ್ಕಾದವು. ಕಂಪ್ಯೂಟರನ್ನು ಸರ್ ಯಾವ ಕಾಲೇಜಿಗೂ ಹೋಗಿ ಕಲಿತವರಲ್ಲ. ಹಾಳಾದದ್ದನ್ನು ಬಿಚ್ಚಿ, ಜೋಡಿಸಿ, ದಪ್ಪ ಪುಸ್ತಕಗಳನ್ನು ಓದಿ ಕಲಿತವರು. ಸರ್ ಅವರನ್ನು ನನ್ನ ಅಪ್ಪ, ನಮ್ಮ ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಕರೆಯುವಂತೆ 'ಪೊರ್ಬುಲು' ಎನ್ನುತ್ತಿದ್ದರು. "ಪೊರ್ಬುಲು ಗಡಿಯಾರ ನುಂಗಿದ್ದಾರೆ" ಎಂದು ತಮಾಷೆ ಮಾಡುತ್ತಿದ್ದರು. ಕಾರಣವಿತ್ತು. ಪ್ರತಿ ಹಾಳೆಯ ಬಲತುದಿಯಲ್ಲಿ ತಾರೀಕು, ಗಂಟೆ, ನಿಮಿಷ ಹಾಕದಿದ್ದರೆ ಸರ್ ಆ ಹಾಳೆಯನ್ನು ಓದುತ್ತಲೇ ಇರಲಿಲ್ಲ. "ತಾರೀಕು ಇಲ್ಲದ ಕಾಗದ ಎಂತಕ್ಕೆ? ಇವತ್ತಿನ ಕಷ್ಟವಾ, ಹೋದ ವರ್ಷದ ಕಷ್ಟವಾ ಅಂತ ಓದುವವನಿಗೆ ಹೇಗೆ ಗೊತ್ತಾಗ್ಬೇಕು?" ಎನ್ನುತ್ತಿದ್ದರು.

ಅವರ ಹೆಂಡತಿಯನ್ನು ನಾವು ಬಾಯಮ್ಮ ಎಂದು ಕರೆಯುತ್ತಿದ್ದೆವು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಇನ್‌ಸ್ಟಿಟ್ಯೂಟಿನ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಮಕ್ಕಳಿರಲಿಲ್ಲ. ಸ್ಪೀಡ್ ಪರೀಕ್ಷೆಯ ದಿನ ಬಾಯಮ್ಮ ಬಾಗಿಲಿನ ಪರದೆ ಸರಿಸಿ ನಮ್ಮ ಮುಖಗಳನ್ನು ನೋಡಿ, "ಇದಕ್ಕೆ ಬೆಳಿಗ್ಗೆ ತಿಂಡಿ ಆಗ್ಲಿಲ್ಲ, ಬಿಳಿಚಿಕೊಂಡಿದೆ" ಎಂದು ಯಾರಾದರೊಬ್ಬಳನ್ನು ಒಳಗೆ ಕರೆದು ಸಣ್ಣ ತಟ್ಟೆಯಲ್ಲಿ ಇಡ್ಲಿಯಂಥ ಸಾನ್ನಾಂ ಕೊಡುತ್ತಿದ್ದರು. ಹೆಚ್ಚಾಗಿ ಆ ಒಬ್ಬಳು ನಾನೇ ಆಗಿರುತ್ತಿದ್ದೆ.

ಟೈಪಿಂಗಿನ ಜೂನಿಯರ್, ಸೀನಿಯರ್ ಪರೀಕ್ಷೆಗಳೆರಡೂ ಪಾಸಾಗಿ ನನಗೆ ನಂತೂರಿನಾಚೆ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮದುವೆಯಾಯಿತು, ಮಗಳು ಹುಟ್ಟಿದಳು. ಮನೆ ಬಿಜೈಯಲ್ಲೇ ಇದ್ದರೂ ಸರ್ ಸಿಗುತ್ತಿದ್ದದ್ದು ವರ್ಷಕ್ಕೊಮ್ಮೆಯೋ ಎರಡು ಸಲವೋ, ಬೇಕರಿಯ ಎದುರು. ಉಳಿದದ್ದೆಲ್ಲ ಫೋನಿನಲ್ಲಿ. ಎಲ್ಲರೂ ಇರುವ ಆ ದೊಡ್ಡ ಜಾಲತಾಣದಲ್ಲಿ ನಾವು 'ಫ್ರೆಂಡ್ಸ್' ಆಗಿದ್ದೆವು. ನನ್ನ ಮಗಳ ಹುಟ್ಟುಹಬ್ಬದ ಫೋಟೋಕ್ಕೆ ಅವರು ಲೈಕ್ ಒತ್ತುತ್ತಿದ್ದರು, ಅವರು ಹಾಕಿದ ಹಳೆಯ ಟೈಪ್‌ರೈಟರಿನ ಫೋಟೋಕ್ಕೆ ನಾನು ಒತ್ತುತ್ತಿದ್ದೆ. ಅಷ್ಟಕ್ಕೇ ಸಂಬಂಧ ಉಳಿದಿದೆ ಎಂದು ನಾನು ತಿಳಿದಿದ್ದೆ.

ಅದು ಮೇ ತಿಂಗಳು. ಕಾಲೇಜುಗಳಿಗೆ ರಜೆ ಇರುವುದರಿಂದ ರಕ್ತದಾನ ಶಿಬಿರಗಳಿರುವುದಿಲ್ಲ, ಬ್ಲಡ್ ಬ್ಯಾಂಕುಗಳು ಬರಿದಾಗಿರುತ್ತವೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಒಂದು ಮಂಗಳವಾರ ಬೆಳಿಗ್ಗೆ ಬಾಯಮ್ಮ ರಕ್ತ ವಾಂತಿ ಮಾಡಿಕೊಂಡರು. ಹೊಟ್ಟೆಯೊಳಗೆ ಹುಣ್ಣು ಒಡೆದಿತ್ತು. ಅವರದ್ದು ಓ ನೆಗೆಟಿವ್. ಆಸ್ಪತ್ರೆಯಲ್ಲಿ ಎರಡು ಬಾಟಲಿ ಇತ್ತು, ಕೊಟ್ಟರು. ಇನ್ನೂ ನಾಲ್ಕು ಬೇಕು ಎಂದರು. ಸರ್ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ, ಕೊನೆಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಆ ಜಾಲತಾಣದಲ್ಲಿ ಬರೆದರು. ಗುಂಪು ಯಾವುದು, ಎಷ್ಟು ಬಾಟಲಿ, ಯಾವ ಆಸ್ಪತ್ರೆ, ಎಷ್ಟನೇ ವಾರ್ಡು, ಯಾವ ನಂಬರ್. ಒಂದು ಅಕ್ಷರ ತಪ್ಪಿರಲಿಲ್ಲ.

ನನ್ನದು ಓ ನೆಗೆಟಿವ್.

ಆ ದಿನ ಹನ್ನೆರಡೂವರೆಗೆ ನಾನು ಎಲ್ಲಿದ್ದೆ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ರಜೆಯ ಕಾಲದ ಅರ್ಧ ದಿನದ ಕೆಲಸ ಮುಗಿಸಿ ಬರುವಾಗ ನಂತೂರಿನಲ್ಲಿ ಒಂದು ಲಾರಿ ಅಡ್ಡ ನಿಂತು ಬಸ್ಸು ನಲವತ್ತು ನಿಮಿಷ ಅಲ್ಲಾಡಲಿಲ್ಲ. ಆ ನಲವತ್ತು ನಿಮಿಷವೂ ನಾನು ಆ ಜಾಲತಾಣವನ್ನೇ ನೋಡುತ್ತಿದ್ದೆ. ಯಾರೋ ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸುವುದನ್ನು ತೋರಿಸಿತು. ಗುರುತಿಲ್ಲದ ಇಬ್ಬರು ಧರ್ಮದ ವಿಷಯಕ್ಕೆ ಜಗಳವಾಡುವುದನ್ನು ತೋರಿಸಿತು. ಹೋದ ವಾರದ ಒಂದು ಮದುವೆಯ ಡ್ಯಾನ್ಸನ್ನು ಎರಡು ಸಲ ತೋರಿಸಿತು. ನನ್ನ ಗುರು ಆಟೋದಲ್ಲಿ ಹತ್ತು ನಿಮಿಷದಷ್ಟು ದೂರದಲ್ಲಿ ಕೂತು ಬೇಡುತ್ತಿದ್ದದ್ದನ್ನು ಮಾತ್ರ ತೋರಿಸಲಿಲ್ಲ.

ತೋರಿಸಿದ್ದು ಶುಕ್ರವಾರ ಬೆಳಿಗ್ಗೆ. ಒಲೆಯ ಮೇಲೆ ಹಾಲು ಇಟ್ಟು ಫೋನ್ ಹಿಡಿದಿದ್ದೆ. ಮೇಲೆಯೇ ಬಂತು, ಸರ್ ಅವರ ಹೆಸರು, ಬಾಯಮ್ಮನ ಹೆಸರು, ಓ ನೆಗೆಟಿವ್. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ 'ಮೂರು ದಿನಗಳ ಹಿಂದೆ' ಎಂದಿದ್ದದ್ದನ್ನು ನಾನು ನೋಡಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಲೇ ಆ ನಂಬರಿಗೆ ಫೋನ್ ಮಾಡಿದೆ.

"ಸರ್, ನಾನು. ನಂದು ಓ ನೆಗೆಟಿವ್. ಈಗಲೇ ಹೊರಟಿದ್ದೇನೆ, ಯಾವ ಬಾಗಿಲಿಂದ ಒಳಗೆ ಬರ್ಬೇಕು?"

ಅವರು ತುಂಬ ಮೆತ್ತಗೆ ಹೇಳಿದರು.

"ನಿನ್ನೆ ಸಂಜೆ ಮಣ್ಣು ಮಾಡಿ ಬಂದೆವಮ್ಮ. ಬುಧವಾರ ಬೆಳಿಗ್ಗೆ ಹೋದಳು. ನೀನು ಮನೆಯಲ್ಲಿ ಕೂತ್ಕೋ. ಓಡಬೇಡ."

ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಗ್ಯಾಸಿನ ವಾಸನೆ ಬಂದು ಮಗಳು ಕೂಗಿಕೊಂಡಾಗಲೇ ನನಗೆ ಎಚ್ಚರ.

ಆಮೇಲಿನದ್ದು ಇನ್ನೂ ಕಷ್ಟದ ಕಾಲ. ಸರ್ ಆ ಪೋಸ್ಟನ್ನು ಅಳಿಸಿಹಾಕಿದರು. ಅಷ್ಟರಲ್ಲಿ ಯಾರೋ ಅದರ ಫೋಟೋ ತೆಗೆದು ವಾಟ್ಸ್ಆ್ಯಪಿನಲ್ಲಿ ಬಿಟ್ಟಿದ್ದರು. ತಾರೀಕು ಕತ್ತರಿಸಿಹೋಗಿತ್ತು. ಉಡುಪಿಯಿಂದ, ಕಾಸರಗೋಡಿನಿಂದ, ಹುಬ್ಬಳ್ಳಿಯಿಂದ, ದುಬೈಯಿಂದ ಫೋನ್ ಬರತೊಡಗಿತು. ಮೊದಲ ವಾರ ದಿನಕ್ಕೆ ಹತ್ತಿಪ್ಪತ್ತು, ಆಮೇಲೆ ನಾಲ್ಕೈದು, ನಿಲ್ಲಲಿಕ್ಕೆ ಏಳೆಂಟು ತಿಂಗಳು ಬೇಕಾಯಿತು. "ರಕ್ತ ಬೇಕಿತ್ತಂತೆ, ಪೇಷಂಟ್ ಈಗ ಹೇಗಿದ್ದಾರೆ?" ಎಂದು ಕೇಳುವವರೆಲ್ಲ ಒಳ್ಳೆಯವರೇ. ಒಬ್ಬೊಬ್ಬರಿಗೂ ಸರ್ ಹೆಂಡತಿ ಸತ್ತ ಸುದ್ದಿಯನ್ನು ಹೊಸದಾಗಿ ಹೇಳಬೇಕಾಗುತ್ತಿತ್ತು.

"ನಂಬರ್ ಬದಲಿಸಿ ಸರ್" ಎಂದೆ ನಾನು. ಆ ಶುಕ್ರವಾರದ ನಂತರ ನಾನು ವಾರಕ್ಕೆರಡು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಬದಲಿಸಿದರೆ ಅವರು ಫೋನ್ ಮಾಡಿ ಮಾಡಿ ಸಾಕಾಗಿ, ಇದೆಲ್ಲ ಸುಳ್ಳು ಅಂತ ತಿಳ್ಕೊಳ್ತಾರೆ. ಇನ್ನೊಬ್ಬನಿಗೆ ನಿಜವಾಗಿ ಬೇಕಾದಾಗ ಫೋನೇ ಮಾಡುವುದಿಲ್ಲ" ಎಂದರು.

ಅವರು ಮಾಡಿದ್ದು ಬೇರೆಯೇ. ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಿ, ಹೆಸರು, ಊರು, ರಕ್ತದ ಗುಂಪು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬಲತುದಿಯಲ್ಲಿ ತಾರೀಕು, ಗಂಟೆ, ನಿಮಿಷ. ತಡವಾಗಿ ಬಂದವರ ಪಟ್ಟಿ ಅದು. ಮೊದಲನೇ ಪುಟದ ನಾಲ್ಕನೇ ಹೆಸರು ನನ್ನದು. ಆ ನೋಟ್‌ಬುಕ್ ತುಂಬಿ ಇನ್ನೊಂದು ಶುರುವಾದಾಗ ಸರ್ ಒಂದು ದಿನ ನನ್ನನ್ನು ಕೂರಿಸಿ ಹೇಳಿದರು. "ಇವರೆಲ್ಲ ಇದ್ದರು ನೋಡು. ಆ ಮಂಗಳವಾರವೂ ಇದ್ದರು. ಅವರಿಗೂ ನನಗೂ ನಡುವೆ ಒಂದು ಕಂಪೆನಿ ಕೂತಿತ್ತು. ಯಾವುದು ಯಾರಿಗೆ ಯಾವಾಗ ಕಾಣಬೇಕು ಅಂತ ಅದು ನಿರ್ಧಾರ ಮಾಡ್ತದೆ. ನಮ್ಮನ್ನು ಜಾಸ್ತಿ ಹೊತ್ತು ಕೂರಿಸುವುದು ಯಾವುದೋ ಅದನ್ನು ಮೇಲೆ ಇಡ್ತದೆ. ನನ್ನ ಹೆಂಡತಿ ಆ ದಿನ ಯಾರನ್ನೂ ಕೂರಿಸುವ ಹಾಗೆ ಇರ್ಲಿಲ್ಲ."

ಬಾಯಮ್ಮ ಹೋದ ಮೇಲೆ ಆ ವಿಷಯ ಅವರ ಬಾಯಲ್ಲಿ ಅಷ್ಟು ಉದ್ದಕ್ಕೆ ಬಂದದ್ದು ಅದೊಂದೇ ಸಲ.

ಅರವತ್ತಾರನೇ ವಯಸ್ಸಿನಲ್ಲಿ ಅವರು ಒಂದು ಸ್ವಂತ ಜಾಲ ಕಟ್ಟಲು ಕೂತರು. ಯಾವ ಕಂಪೆನಿಗೂ ಸೇರದ, ಯಾರು ಬೇಕಾದರೂ ತಮ್ಮದೇ ಯಂತ್ರದಲ್ಲಿ ಹಾಕಿಕೊಳ್ಳಬಹುದಾದ ತಂತ್ರಾಂಶವಿದೆಯಂತೆ. ಅಂಥ ಸಾವಿರಾರು ಸಣ್ಣ ಜಾಲಗಳು ಲೋಕದಲ್ಲೆಲ್ಲ ಇದ್ದು ಒಂದರೊಡನೊಂದು ಮಾತಾಡುತ್ತವಂತೆ. ನನ್ನ ಅಪ್ಪನಿಗೆ ಇದು ಅರ್ಥವಾಗಲಿಲ್ಲ. "ಹಾಗಾದರೆ ಇದರ ಓನರ್ ಯಾರು ಪೊರ್ಬುಲೇ?" ಎಂದು ಕೇಳಿದರು.

"ಇ-ಮೇಲಿಗೆ ಓನರ್ ಯಾರು? ನಿಮ್ಮದು ಒಂದು ಕಡೆಯದ್ದು, ನಂದು ಇನ್ನೊಂದು ಕಡೆಯದ್ದು. ಆದ್ರೂ ಕಾಗದ ಹೋಗಿ ಮುಟ್ತದಲ್ಲ? ಇದೂ ಹಾಗೆಯೇ. ಇಲ್ಲಿ ನಂದೊಂದು, ಉಡುಪಿಯಲ್ಲಿ ಒಬ್ಬರು ಲೈಬ್ರೇರಿಯನ್ ಇದ್ದಾರೆ ಅವರದ್ದೊಂದು, ಕಾಸರಗೋಡಿನಲ್ಲಿ ಒಂದು. ನಂದು ಮುಚ್ಚಿದರೂ ಉಳಿದದ್ದು ನಡೀತದೆ."

"ಸುರುವಿಗೆ ಎಂತ ಕಾಣ್ತದೆ ಅದರಲ್ಲಿ?"

"ಎಂತ ಕೊನೆಗೆ ಬಂತೋ ಅದು. ಹೊಸದು ಮೇಲೆ, ಹಳೆಯದು ಕೆಳಗೆ. ನಡುವೆ ಯಾರ ಕೈಯೂ ಇಲ್ಲ, ನಂದು ಕೂಡ."

ಮರುವರ್ಷದ ಮಳೆಗಾಲ ಶುರುವಾಗುವಷ್ಟರಲ್ಲಿ ಅದು ಓಡತೊಡಗಿತು. ನೋಟ್‌ಬುಕ್ಕಿನ ಹೆಸರುಗಳಿಗೆಲ್ಲ ಸರ್ ಒಬ್ಬೊಬ್ಬರಿಗೇ ಫೋನ್ ಮಾಡಿ ಸೇರಿಸಿದರು. ಕೆಲವರು ಎರಡು ದಿನ ನೋಡಿ, "ಇದ್ರಲ್ಲಿ ಎಂತ ಇಲ್ಲ ಮಾರಾಯ್ರೆ, ಬೋರ್" ಎಂದು ಬಿಟ್ಟರು. ಉಳಿದವರು ಇನ್ನೂರು ಚಿಲ್ಲರೆ. ರಕ್ತದ ವಿಷಯ ದಿನಾ ಇರುವುದಿಲ್ಲವಲ್ಲ, ಹಾಗಾಗಿ ಉಳಿದದ್ದೂ ಬಂತು. ಬೋಳಾರದಲ್ಲಿ ಬೆಕ್ಕು ಕಾಣೆಯಾದದ್ದು, ಗುರುವಾರ ನೀರು ಬರುವುದಿಲ್ಲ ಎಂಬುದು, ಬಂಗುಡೆ ಮೀನು ಅಗ್ಗವಾದದ್ದು, ಯಾರದ್ದೋ ಮಗ ಪಾಸಾದದ್ದು. ಬೆಳಿಗ್ಗೆ ಐದು ನಿಮಿಷ ನೋಡಿದರೆ ನಿನ್ನೆ ಬಿಟ್ಟಲ್ಲಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಗೆ ಮುಗಿಯಿತು, ಫೋನ್ ಕೆಳಗಿಡಬಹುದು. ಇಷ್ಟು ಸಣ್ಣ ವಿಷಯ ಮನಸ್ಸಿಗೆ ಅಷ್ಟು ಆರಾಮ ಕೊಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಒಂದು ಮಧ್ಯಾಹ್ನ ಒಬ್ಬ ಗಂಡಸು ಬರೆದ. ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ನಾನು ಐದನೇ ನಿಮಿಷಕ್ಕೆ ನೋಡಿದೆ. ಶಾಲೆಯ ಹೆಡ್‌ಮಾಸ್ಟರಿಗೆ ಹೇಳಿ ಆಟೋ ಹಿಡಿದೆ. ಕಾಸರಗೋಡಿನ ಜಾಲದಲ್ಲಿದ್ದ ಒಬ್ಬ ಹುಡುಗ, ಕೆಲಸದ ಮೇಲೆ ಮಂಗಳೂರಿಗೆ ಬಂದವನು, ನನಗಿಂತ ಮೊದಲೇ ಅಲ್ಲಿದ್ದ. ಆ ಹೆಂಗಸು ಬದುಕಿದಳು. ಕೈಗೆ ಹತ್ತಿ ಒತ್ತಿಕೊಂಡು ನಾನು ನೇರವಾಗಿ ಬಿಜೈಗೆ ಬಂದು ಮೆಟ್ಟಿಲು ಹತ್ತಿದೆ. ಸರ್ ಒಂದು ಗ್ಲಾಸ್ ನೀರು ಕೊಟ್ಟರು. ಆಗ ನನ್ನ ಬಾಯಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ ಮಾತು ಬಂದುಬಿಟ್ಟಿತು.

"ಸರ್, ಆ ದಿನ ನಾನು ನೋಡಿದ್ದರೆ?"

ಅವರು ಕುರ್ಚಿ ಎಳೆದು ನನ್ನೆದುರು ಕೂತರು.

"ನೀನು ಬಂದಿದ್ದರೆ ಅವಳು ಬದುಕ್ತಿದ್ದಳು ಅಂತ ಹೇಳಿದರೆ ನಿನಗೆ ಕಷ್ಟ. ಬಂದಿದ್ರೂ ಬದುಕ್ತಿರ್ಲಿಲ್ಲ ಅಂತ ಹೇಳಿದರೆ ನನಗೆ ಕಷ್ಟ. ಡಾಕ್ಟರಿಗೂ ಗೊತ್ತಿಲ್ಲ. ನೀರು ಕುಡಿ."

ನಾನು ಕುಡಿದೆ. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಆ ದೀಪಾವಳಿಗೆ ಅವರನ್ನು ನಮ್ಮ ಮನೆಗೆ ಊಟಕ್ಕೆ ಕರೆದವಳು ನಾನೇ. ಕೈಯಲ್ಲಿ ಫೋನ್ ಹಿಡಿದೇ ಬಂದರು. "ಒಂದು ದಿನವಾದ್ರೂ ಅದನ್ನು ಕೆಳಗಿಡಿ ಸರ್" ಎಂದು ಹೇಳಿ ಅದನ್ನು ತೆಗೆದುಕೊಂಡು ಟಿವಿಯ ಪಕ್ಕ ಇಟ್ಟವಳೂ ನಾನೇ. ಎರಡೂವರೆ ಗಂಟೆ ಅವರು ನಮ್ಮ ಜೊತೆ ಇದ್ದರು. ಅಪ್ಪನ ಹಳೆಯ ಕಥೆಗಳಿಗೆ ನಕ್ಕರು. ಪಾಯಸ ಎರಡು ಸಲ ಹಾಕಿಸಿಕೊಂಡರು, ಸಕ್ಕರೆ ಕಾಯಿಲೆ ಇದ್ದರೂ. ಬಾಯಮ್ಮ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಹೊರಡುವಾಗ ಫೋನ್ ತೆಗೆದು ನೋಡಿದರು. ಮೇಲೆಲ್ಲ ದೀಪಗಳು, ಶುಭಾಶಯಗಳು. ಅವರ ಬೆರಳು ಕೆಳಗೆ ಕೆಳಗೆ ಸರಿಸುತ್ತ ಹೋಯಿತು. ಒಂದು ಕಡೆ ನಿಂತಿತು. ಹತ್ತೂಮುಕ್ಕಾಲಕ್ಕೆ ಒಬ್ಬ ತಂದೆ ಬರೆದಿದ್ದ. ನಾಲ್ಕು ವರ್ಷದ ಮಗಳು, ರಸ್ತೆ ಅಪಘಾತ, ಬಿ ನೆಗೆಟಿವ್. ಅದರ ಮೇಲೆ ಅರವತ್ತು ದೀಪಾವಳಿ ಶುಭಾಶಯಗಳು ಕೂತಿದ್ದವು.

ಸರ್ ಚಪ್ಪಲಿ ಹಾಕಿಕೊಳ್ಳದೆಯೇ ನಮ್ಮ ಅಂಗಳದಲ್ಲಿ ನಿಂತು ಫೋನ್ ಮಾಡತೊಡಗಿದರು. ಓ ನೆಗೆಟಿವ್ ರಕ್ತವನ್ನು ಯಾರಿಗೂ ಕೊಡಬಹುದಾದರೂ, ನಾನು ಕೊಟ್ಟು ಐದು ವಾರವಷ್ಟೇ ಆಗಿದ್ದರಿಂದ ನನ್ನಿಂದ ತೆಗೆಯುವಂತಿರಲಿಲ್ಲ. ಸುರತ್ಕಲ್ಲಿನಲ್ಲಿ ಬಿ ನೆಗೆಟಿವಿನ ಒಬ್ಬರು ಸಿಕ್ಕಿದರು. "ನಾನು ಹನ್ನೊಂದೂವರೆಗೆ ನೋಡಿದ್ದೆ ಸರ್, ಬರೀ ದೀಪಗಳಿದ್ದವು. ಕೆಳಗೆ ಹೋಗ್ಲಿಲ್ಲ" ಎಂದು ಅವರು ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಅವರು ಹೋಗಿ ರಕ್ತ ಕೊಟ್ಟರು. ಮಗು ಸಂಜೆ ಐದಕ್ಕೆ ತೀರಿಕೊಂಡಿತು.

ಮರುದಿನ ನಾನು ಮೆಟ್ಟಿಲು ಹತ್ತಲು ಹೆದರಿದೆ. ಆದರೂ ಹೋದೆ. ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ರಕ್ತದ ಪೋಸ್ಟನ್ನು ಮೇಲೆಯೇ ಅಂಟಿಸಿ ಇಡ್ಲಿಕ್ಕೆ ಆಗ್ತದಲ್ಲ ಸರ್? ಒಂದು ಬಟನ್ ಉಂಟಲ್ಲ?" ಎಂದೆ.

"ಉಂಟು. ಇವತ್ತು ರಕ್ತ ಅಂಟಿಸ್ತೇನೆ. ನಾಳೆ ಇನ್ನೊಬ್ಬ ಬಂದು ನನ್ನ ಮಗ ಕಾಣೆಯಾಗಿದ್ದಾನೆ, ಇದನ್ನೂ ಅಂಟಿಸಿ ಅಂತಾನೆ. ಅವನಿಗೆ ಇಲ್ಲ ಅಂತ ಹೇಗೆ ಹೇಳುವುದು? ಯಾವ ಕಷ್ಟ ದೊಡ್ಡದು ಅಂತ ತೂಗುವವನು ನಾನಾ? ಮತ್ತೆ, ಅಂಟಿಸಿದ್ದನ್ನು ಬಿಡಿಸ್ಲಿಕ್ಕೆ ಮರೆತರೆ? ಸತ್ತವಳಿಗೆ ಎಂಟು ತಿಂಗಳು ರಕ್ತ ಕೇಳಿದ್ದು ಮರೆತುಹೋಯ್ತಾ ನಿನಗೆ?"

ಇದು ಅವರ ಹಠ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಆ ಮಗುವಿನ ವಿಷಯದಲ್ಲಿ ಆ ಬಟನ್ ಒತ್ತಲು ಒಬ್ಬರಿದ್ದಿದ್ದರೆ ಸಾಕಿತ್ತು. ಆದರೆ ಅವರು ಕಂಡುಕೊಂಡ ದಾರಿ ಬೇರೆ. ಯಾರಾದರೂ ರಕ್ತ ಕೇಳಿದರೆ, ಅದು ಸಿಗುವವರೆಗೆ ಅರ್ಧ ಗಂಟೆಗೊಮ್ಮೆ ತಾವೇ ಫೋನ್ ಮಾಡಿ ವಿಚಾರಿಸಿ ಹೊಸದಾಗಿ ಬರೆಯುವುದು. 'ಈಗ ಎರಡೂವರೆ. ಇನ್ನೂ ಬೇಕು.' 'ಈಗ ಮೂರು. ಒಬ್ಬರು ಹೊರಟಿದ್ದಾರೆ, ಇನ್ನೊಬ್ಬರು ಬೇಕು.' 'ಈಗ ಮೂರು ಇಪ್ಪತ್ತು. ಸಿಕ್ಕಿತು. ಇನ್ನು ಫೋನ್ ಮಾಡಬೇಡಿ.' ಪ್ರತಿ ಸಲವೂ ಅದು ತನ್ನ ಹೊತ್ತಿನಿಂದಲೇ ಮೇಲೆ ಬರುತ್ತಿತ್ತು. "ಸಾಲು ಮಾಡಿ ಇಟ್ಟರೆ ಮುಗೀಲಿಲ್ಲ. ಸಾಲನ್ನು ನೋಡ್ತಾ ಒಬ್ಬ ಮನುಷ್ಯ ಕೂತಿರ್ಬೇಕು. ಅದು ನನಗೆ ಗೊತ್ತಾಗ್ಲಿಲ್ಲ" ಎಂದರು.

ಹಾಗೆ ಅವರು ಕೂತರು. ಬೆಳಿಗ್ಗೆ ಆರರಿಂದ ಕುರ್ಚಿಯಲ್ಲಿ, ಊಟವೂ ಅಲ್ಲೇ. ಆದಿತ್ಯವಾರ ಇಗರ್ಜಿಗೆ ಹೋಗುವುದನ್ನೂ ಬಿಟ್ಟರು. ಕೆಲವು ಹೊತ್ತು ನಾನು ನೋಡಿಕೊಳ್ಳುತ್ತೇನೆ ಎಂದರೆ, "ನಿನಗೆ ಕೆಲಸ ಉಂಟು, ಮಗು ಉಂಟು" ಎನ್ನುತ್ತಿದ್ದರು. ದೀಪಾವಳಿಯ ನಂತರ ಅವರು ನನ್ನ ಮೇಲೆ ಭರವಸೆ ಇಡಲಿಲ್ಲವೆಂದು ನನಗೆ ಒಳಗೊಳಗೇ ನೋವಿತ್ತು. ಈಗ ಯೋಚಿಸಿದರೆ ಅವರು ನನ್ನನ್ನು ಉಳಿಸಲು ನೋಡುತ್ತಿದ್ದರೋ ಏನೋ. ಇನ್ನೊಂದು ಹೊತ್ತು ತಪ್ಪಿದ್ದರೆ ಅದನ್ನು ಹೊರುವ ಶಕ್ತಿ ನನಗಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಕೋಣೆಗೆ ಕಾಲಿಟ್ಟಾಗ ಕೆಟ್ಟ ವಾಸನೆ ಮೂಗಿಗೆ ಬಡಿಯಿತು. ಇಲಿ ಸತ್ತಿರಬೇಕೆಂದು ಮೇಜಿನ ಕೆಳಗೆ ಬಗ್ಗಿ ನೋಡಿದೆ. ಸರ್ ಎಡಗಾಲಿಗೆ ಹಳೆಯ ಟವೆಲ್ ಸುತ್ತಿಕೊಂಡಿದ್ದರು.

"ಎಂತ ಸರ್ ಇದು?"

"ಚಪ್ಪಲಿ ಕಚ್ಚಿದ್ದು. ಒಣಗ್ತದೆ."

ನಾನು ಟವೆಲ್ ಬಿಚ್ಚಿದೆ. ಹೆಬ್ಬೆರಳು, ಅದರ ಪಕ್ಕದ್ದು ಎರಡೂ ಕಪ್ಪಾಗಿದ್ದವು. ಸಕ್ಕರೆ ಕಾಯಿಲೆಯವರಿಗೆ ನೋವು ಗೊತ್ತಾಗುವುದಿಲ್ಲವಂತೆ. ಆದರೆ ಕಣ್ಣಿಗೆ ಕಾಣುತ್ತದಲ್ಲ. ನಾನು ಅತ್ತು ಕೂಗಾಡಿದೆ. ಬೇಕರಿ ನಡೆಸುವವರು ಕೆಳಗಿನಿಂದ ಓಡಿ ಬಂದರು. ಅವರು ಬ್ಯಾರಿ ಮುಸ್ಲಿಮರು, ಮೂವತ್ತು ವರ್ಷದಿಂದ ಸರ್‌ಗೆ ಸಂಜೆಯ ಚಹಾ ಕಳಿಸಿದವರು. ಇಬ್ಬರೂ ಸೇರಿ ಅವರನ್ನು ಮೆಟ್ಟಿಲಿಳಿಸಿ ಕಾರಿನಲ್ಲಿ ಕೂರಿಸಿದೆವು. ಕಾರು ಹತ್ತುವಾಗಲೂ ಅವರು ಹೇಳಿದ್ದು, "ಕದ್ರಿಯ ಒಬ್ಬರಿಗೆ ಎ ಪಾಸಿಟಿವ್ ಬೇಕು, ನಾಲ್ಕು ಗಂಟೆಗೆ ಕೇಳಿ ಬರಿ" ಎಂದು.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅಷ್ಟರಲ್ಲಿ ನಂಜು ಮೇಲಕ್ಕೇರಿತ್ತು. ಹನ್ನೊಂದು ದಿನ ಅವರು ಬದುಕಿದ್ದರು. ಬೋಳಾರದಲ್ಲಿದ್ದ ಅವರ ತಂಗಿ ಬೆಳಿಗ್ಗೆ ಇರುತ್ತಿದ್ದರು, ಶಾಲೆ ಬಿಟ್ಟ ಮೇಲೆ ನಾನು ಹೋಗುತ್ತಿದ್ದೆ. ಜಾಲದ ಪಾಸ್‌ವರ್ಡುಗಳನ್ನು ನನಗೆ ಮೊದಲ ದಿನವೇ ಒಪ್ಪಿಸಿದ್ದರು. ಅದು ಭರವಸೆಯಿಂದಲೋ, ಬೇರೆ ದಾರಿಯಿಲ್ಲದೆಯೋ, ನಾನು ಕೇಳಲಿಲ್ಲ. ನಾನು ಹೋದ ಕೂಡಲೇ ಅವರು ಕೇಳುತ್ತಿದ್ದದ್ದು ಒಂದೇ.

"ಈಗ ಮೇಲೆ ಎಂತ ಉಂಟು?"

ನಾನು ಮೇಲಿನಿಂದ ಓದುತ್ತ ಹೋಗುತ್ತಿದ್ದೆ. ಜಪ್ಪುವಿನಲ್ಲಿ ಕರೆಂಟಿಲ್ಲ. ಒಬ್ಬರ ಮನೆಯ ಪಪ್ಪಾಯಿ ಹಣ್ಣಾಗಿದೆ, ಬೇಕಾದವರು ಬಂದು ಒಯ್ಯಬಹುದು. ಒಬ್ಬಳಿಗೆ ಮಸ್ಕತ್ತಿನಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಿನ್ನೆ ಓದಿದ ಜಾಗಕ್ಕೆ ಬಂದಾಗ, "ಸಾಕು, ಅದು ಆಯ್ತು" ಎನ್ನುತ್ತಿದ್ದರು. ಕೊನೆಯ ಎರಡು ದಿನ ಆ ಮಾತೂ ಬರಲಿಲ್ಲ. ನಾನು ಓದುವುದನ್ನು ನಿಲ್ಲಿಸಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ತೀರಿಕೊಂಡರು. ತಂಗಿ ಫೋನ್ ಮಾಡಿದಾಗ ನಾನು ಶಾಲೆಯ ಆಫೀಸಿನಲ್ಲಿದ್ದೆ. ಸುದ್ದಿ ಬರೆಯಬೇಕಾದವಳು ನಾನೇ ಆಗಿದ್ದೆ. ನಾಲ್ಕು ಸಾಲು ಬರೆಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಹತ್ತು ಐವತ್ತಕ್ಕೆ ಹಾಕಿದೆ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಒಬ್ಬರು ನೀರಿನ ಪೈಪ್ ಒಡೆದ ಸುದ್ದಿ ಹಾಕಿದರು. ಪಾಪ, ಅವರು ಕೆಳಗಿನದ್ದನ್ನು ನೋಡಿರಲಿಲ್ಲ. ಅದರ ಮೇಲೆ ಯಾರದ್ದೋ ಮನೆ ಬಾಡಿಗೆಗಿದೆ ಎಂಬುದು ಬಂತು. ಬೇಕರಿಯವರು ನನಗೆ ಫೋನ್ ಮಾಡಿದರು.

"ಇದು ಎಂತ ಮಾರಾಯ್ತಿ? ಅವರು ಕಟ್ಟಿದ್ದರಲ್ಲಿ ಅವರ ಸುದ್ದಿಯೇ ಪೈಪಿನ ಕೆಳಗೆ ಹೋಯ್ತಲ್ಲ. ನೀನು ಅದನ್ನು ಮೇಲೆ ಇಡು. ನಾಳೆ ಮಣ್ಣು ಆಗುವವರೆಗೆ ಆದ್ರೂ ಇಡು. ಅಷ್ಟು ಮರ್ಯಾದೆ ಬೇಡ್ವಾ?"

ಅವರೊಬ್ಬರೇ ಅಲ್ಲ. ಮಧ್ಯಾಹ್ನದೊಳಗೆ ಇಪ್ಪತ್ತು ಮೂವತ್ತು ಮಂದಿ ಅದನ್ನೇ ಬರೆದರು. ಉಡುಪಿಯ ಲೈಬ್ರೇರಿಯನ್ ಕೂಡ, "ಒಂದು ದಿನ ಅಂಟಿಸಿಡಿ, ಯಾರೂ ತಪ್ಪು ತಿಳಿಯುವುದಿಲ್ಲ" ಎಂದರು. ಬಟನ್ ನನ್ನ ಕಣ್ಣೆದುರೇ ಇತ್ತು. ಬೆರಳು ಅದರ ಮೇಲಿಟ್ಟೆ. ಒತ್ತಬೇಕೆಂದು ನನಗೆಷ್ಟು ಆಸೆಯಿತ್ತೆಂದು ಹೇಳಲಾರೆ. ಆ ಮನುಷ್ಯನಿಗೆ ನಾನು ತಡವಾಗಿ ಹೋದವಳು. ಅವರು ನಕ್ಕ ಒಂದೇ ಮಧ್ಯಾಹ್ನವನ್ನು ಅವರಿಗೆ ಶಿಕ್ಷೆಯಾಗಿ ಮಾಡಿದವಳು. ಅವರ ಹೆಸರನ್ನು ಒಂದು ದಿನ ಎಲ್ಲದಕ್ಕಿಂತ ಮೇಲೆ ಇಡುವುದು ನನ್ನ ಕೈಯಲ್ಲಿತ್ತು.

ನಾನು ಒತ್ತಲಿಲ್ಲ. 'ಅವರು ಬೇಡವೆಂದಿದ್ದರು' ಎಂದಷ್ಟೇ ಬರೆದೆ. ಬೇಕರಿಯವರು ಸಿಟ್ಟಿನಿಂದ ಫೋನ್ ಇಟ್ಟುಬಿಟ್ಟರು. ಹತ್ತು ಹನ್ನೆರಡು ಜನ ಅಂದೇ ಜಾಲ ಬಿಟ್ಟು ಹೋದರು. ಒಬ್ಬರು ಹೋಗುವಾಗ ನನ್ನನ್ನು ಕಲ್ಲುಮನಸ್ಸಿನವಳು ಎಂದು ಬರೆದರು. ಅದೂ ತನ್ನ ಹೊತ್ತಿಗೆ ಮೇಲೆ ಬಂದು, ತನ್ನ ಹೊತ್ತಿಗೆ ಕೆಳಗೆ ಹೋಯಿತು.

ನಾಲ್ಕೂಕಾಲಕ್ಕೆ ಬಜ್ಪೆಯ ಒಬ್ಬಳು ಬರೆದಳು. ತಾಯಿಗೆ ಆಪರೇಷನ್ ನಡೆಯುತ್ತಿದೆ, ಎ ನೆಗೆಟಿವ್ ಬೇಕು. ನಾನು ಆಗ ಸರ್ ಅವರ ಶವವಿದ್ದ ಕೋಣೆಯ ಹೊರಗೆ, ಅವರ ತಂಗಿಯ ಪಕ್ಕ ಕೂತಿದ್ದೆ. ಒಳಗೆ ಕೊಂಕಣಿಯಲ್ಲಿ ಪ್ರಾರ್ಥನೆ ಶುರುವಾಗಿತ್ತು. ಎದ್ದು ಹೊರಗೆ ಬಂದು, ಆ ಹುಡುಗಿಗೆ ಫೋನ್ ಮಾಡಿ ವಾರ್ಡು ಕೇಳಿಕೊಂಡು, ನೋಟ್‌ಬುಕ್ಕಿನ ನಂಬರುಗಳಿಗೆ ಫೋನ್ ಮಾಡತೊಡಗಿದೆ. ಈಗ ನಾಲ್ಕೂಮುಕ್ಕಾಲು, ಇನ್ನೂ ಬೇಕು ಎಂದು ಬರೆದೆ. ಈಗ ಐದೂಕಾಲು, ಇನ್ನೂ ಬೇಕು ಎಂದು ಬರೆದೆ. ಪ್ರತಿ ಸಲವೂ ಸರ್ ಅವರ ಸಾವು ಒಂದು ಮೆಟ್ಟಿಲು ಕೆಳಗಿಳಿಯಿತು. ಇಳಿಸಿದವಳು ನಾನೇ.

ಐದು ನಲವತ್ತಕ್ಕೆ ಬೇಕರಿಯವರಿಂದ ಫೋನ್ ಬಂತು. ಸಿಟ್ಟು ಇನ್ನೂ ಇತ್ತು. "ನನ್ನ ಅಳಿಯನದ್ದು ಎ ನೆಗೆಟಿವ್. ಕಾರಿನಲ್ಲಿ ಕೂರಿಸಿ ಕಳ್ಸಿದ್ದೇನೆ. ವಾರ್ಡ್ ನಂಬರ್ ಹೇಳು" ಎಂದರು.

ನಾನು ಹೇಳಿದೆ. ಗಂಟೆ ನೋಡಿ ಬರೆದುಕೊಂಡೆ. ಆಮೇಲೆ ಮೆಟ್ಟಿಲಿನ ಮೇಲೆ ಕೂತು, ಆ ದಿನ ಮೊದಲ ಸಲ ಅತ್ತೆ.